ಕರಾರು ಬೇರೆ, ಕ್ರಯ ಬೇರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ ಕಾಲದಲ್ಲಿ ನಿವೇಶನ ಕೊಳ್ಳುವುದು ಅಷ್ಟು ದೊಡ್ಡ ಸಾಹಸವಾಗಿರಲಿಲ್ಲವೆಂದು ತೋರುತ್ತದೆ. ಇಲ್ಲವಾದರೆ ‘ಸೈಟು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಬಿಡುತ್ತಿರಲಿಲ್ಲ. ಹೆಬ್ಬಾಳದ ಕೆರೆಯನ್ನು ದಾಟಿ ಯಲಹಂಕದ ಕಡೆಗೆ ಹೊರಟವರಿಗೆ ಈ ಮಾತಿನ ಅರ್ಥ ಬಲ್ಲದು. ಒಂದು ಕಾಲಕ್ಕೆ ರಾಗಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಇದ್ದ ನೆಲವದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲಂತೂ ಅಲ್ಲಿಯ ಮಣ್ಣಿಗೆ ಹೊನ್ನಿನ ಬೆಲೆ ಬಂದಿದೆ.

ಯಜಮಾನರ ಭವಿಷ್ಯನಿಧಿ, ಗೃಹಿಣಿಯ ಬಳೆ, ಬ್ಯಾಂಕಿನ ಸಾಲ ಇವೆಲ್ಲವೂ ಕೂಡಿ ಒಂದು ಮೂವತ್ತು–ನಲವತ್ತರ ನಿವೇಶನವಾಗಬೇಕು. ಮುಂಗಡ ಕೊಟ್ಟು, ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡು ಮನೆಗೆ ಬಂದ ದಿನ ಪಾಯಸದ ಅಡಿಗೆ. “ಇನ್ನು ಸೈಟು ನಮ್ಮದಾಯಿತು” ಎಂಬ ಸಮಾಧಾನ. ಆದರೆ ಆ ದಿನ ಅವರದಾದುದು ಸೈಟಲ್ಲ. ಒಂದು ಮಾತು ಮಾತ್ರ. ಈ ಎರಡರ ನಡುವಣ ಅಂತರವನ್ನರಿಯದೆ ಜೀವಮಾನದ ಗಳಿಕೆಯನ್ನು ಕಳೆದುಕೊಂಡ ಸಂಸಾರಗಳು ಅನೇಕ.

ಇಂಗ್ಲೆಂಡಿನ ನ್ಯಾಯಾಲಯಗಳು ಶತಮಾನಗಳ ಕಾಲ ತೀರ್ಪಿನ ಮೇಲೆ ತೀರ್ಪನ್ನಿರಿಸಿ ಕಟ್ಟಿದ ನ್ಯಾಯಸೌಧದಲ್ಲಿ ಮೂರು ಮುಖ್ಯ ಅಂಕಣಗಳಿವೆ. ಒಂದು, ಕರಾರಿನ ನ್ಯಾಯ. ಇದು ಮಾತು ಕೊಟ್ಟವನನ್ನೂ ಪಡೆದವನನ್ನೂ ಪರಸ್ಪರ ಕಟ್ಟಿಹಾಕುತ್ತದೆ. ಇನ್ನೊಂದು, ಸ್ವತ್ತಿನ ನ್ಯಾಯ. ಇದು ಒಡೆಯನಿಗೆ ಇಡೀ ಲೋಕದ ವಿರುದ್ಧ ಹಕ್ಕನ್ನು ಕೊಡುತ್ತದೆ. ಮೂರನೆಯದು ‘ಟಾರ್ಟ್’, ಕನ್ನಡದಲ್ಲಿ ಅಪಕೃತ್ಯ. ಯಾವ ಕರಾರೂ ಇಲ್ಲದಿದ್ದರೂ ಒಬ್ಬನು ಇನ್ನೊಬ್ಬನಿಗೆ ಹಾನಿಮಾಡಕೂಡದೆಂಬ ಕರ್ತವ್ಯ. ಆಂಗ್ಲರ ಆಳ್ವಿಕೆಯೊಡನೆ ಈ ತತ್ತ್ವಗಳು ನಮ್ಮ ನಾಡಿಗೂ ಬಂದವು. ಮೊದಲನೆಯದು 1872ರ ಕರಾರು ಕಾಯಿದೆಯಾಯಿತು. ಎರಡನೆಯದು 1882ರ ಸ್ವತ್ತು ವರ್ಗಾವಣೆ ಕಾಯಿದೆಯಾಯಿತು. ಮೂರನೆಯದು ಮಾತ್ರ ಇಂದಿಗೂ ಬಹುಮಟ್ಟಿಗೆ ತೀರ್ಪುಗಳಲ್ಲಿಯೇ ಉಳಿದಿದೆ.

ಇಲ್ಲೊಂದು ಸ್ವಾರಸ್ಯವುಂಟು. ಇಂಗ್ಲೆಂಡಿನಲ್ಲಿ ಭೂಮಿಯ ಮಾರಾಟಕ್ಕೆ ಸಿಂಧುವಾದ ಕರಾರಾದೊಡನೆಯೇ, ಅಲ್ಲಿಯ ‘ಈಕ್ವಿಟಿ’ ಎಂಬ ಧರ್ಮನ್ಯಾಯದ ದೃಷ್ಟಿಯಲ್ಲಿ, ಕೊಳ್ಳುವವನಿಗೆ ಆ ನೆಲದಲ್ಲಿ ಒಂದು ಬಗೆಯ ಒಡೆತನ ಹುಟ್ಟುತ್ತದೆ. ಮಾರುವವನು ಅವನ ಪರವಾಗಿ ಅದನ್ನು ಕಾಯುವ ಧರ್ಮದರ್ಶಿಯಂತಾಗುತ್ತಾನೆ. ನಮ್ಮ 1882ರ ಕಾಯಿದೆಯನ್ನು ರಚಿಸಿದವರು ಈ ಇಬ್ಬಗೆಯ ಒಡೆತನವನ್ನು ಬೇಕೆಂದೇ ಕೈಬಿಟ್ಟರು. ಮಾರಾಟದ ಕರಾರು ತಾನೇ ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲವೆಂದು ಅದರ 54ನೆಯ ಪ್ರಕರಣವು ಕರಾರುವಾಕ್ಕಾಗಿ ಹೇಳುತ್ತದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತು ಕೈಬದಲಾಗಬೇಕಾದರೆ ನೋಂದಾಯಿತ ಕ್ರಯಪತ್ರವೇ ಆಗಬೇಕು.

ಹಾಗಾದರೆ ಕರಾರು ವ್ಯರ್ಥವೇ? ಅಲ್ಲ. ಮಾರುವವನು ಮಾತಿಗೆ ತಪ್ಪಿದರೆ ಕ್ರಯಪತ್ರ ಮಾಡಿಕೊಡುವಂತೆ ಅವನ ಮೇಲೆ ದಾವೆ ಹೂಡಬಹುದು. ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ, ದಿನ ಗೊತ್ತಾಗಿರದಿದ್ದರೆ ಅವನು ನಿರಾಕರಿಸಿದ್ದು ತಿಳಿದಂದಿನಿಂದ, ಮೂರು ವರ್ಷಗಳೊಳಗೆ ಹೂಡಬೇಕು. ಕೊಳ್ಳುವವನು ತಾನು ಹಣ ಕೊಡಲು ಸಿದ್ಧನಿದ್ದೆನೆಂಬುದನ್ನು ತೋರಿಸಬೇಕು. ಆದರೆ ಈ ನಡುವೆ, ಕರಾರಿನ ಸುಳಿವೇ ಇಲ್ಲದ ಬೇರೊಬ್ಬನು ಪೂರ್ತಿ ಹಣ ಕೊಟ್ಟು, ಪ್ರಾಮಾಣಿಕನಾಗಿ ಅದೇ ನಿವೇಶನವನ್ನು ಕ್ರಯಕ್ಕೆ ಪಡೆದನೆನ್ನಿ. ಆಗ ಮೊದಲಿನವನಿಗೆ ಉಳಿಯುವುದು ಮುಂಗಡಕ್ಕೂ ಪರಿಹಾರಕ್ಕೂ ಹೋರಾಡುವ ಹಕ್ಕು, ನಿವೇಶನವಲ್ಲ.

ಇದಕ್ಕಿಂತಲೂ ಮೋಸಗೊಳಿಸುವುದು ‘ಜಿ.ಪಿ.ಎ.’ ವ್ಯವಹಾರ. ಕ್ರಯಪತ್ರ ಸಾಧ್ಯವಿಲ್ಲದ ಕಡೆಗಳಲ್ಲಿ ಕರಾರು, ಮುಖ್ತಾರುನಾಮೆ, ಉಯಿಲು ಈ ಮೂರನ್ನೂ ಕಟ್ಟಿಕೊಟ್ಟು, ಇದೇ ಮಾರಾಟವೆನ್ನುವ ರೂಢಿ ಬಹುಕಾಲ ನಡೆಯಿತು. ಮುಖ್ತಾರುನಾಮೆ ಎಂಬುದು ಒಡೆಯನ ಪರವಾಗಿ ಕೆಲಸಮಾಡುವ ಅಧಿಕಾರವೇ ಹೊರತು ಒಡೆತನವಲ್ಲ. ಸಾಮಾನ್ಯವಾಗಿ ಕೊಟ್ಟವನು ಕಾಲವಾದರೆ ಅದೂ ಮುಗಿಯಿತು. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಕಾಗದಗಳಿಂದ ಸ್ವತ್ತಿನ ಹಕ್ಕು ವರ್ಗವಾಗುವುದಿಲ್ಲವೆಂದು ಸ್ಪಷ್ಟಪಡಿಸಿತು. ಪಾಲಿಕೆಯ ಖಾತೆಯೂ ಅಷ್ಟೆ. ಅದು ಕಂದಾಯ ಯಾರಿಂದ ಬರಬೇಕೆಂಬುದರ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ.

ಸರಿ, ಕ್ರಯಪತ್ರವೇ ನೋಂದಣಿಯಾಯಿತು, ಇನ್ನು ನಿಶ್ಚಿಂತೆಯೇ? ಅದಕ್ಕೂ ಒಂದು ಪ್ರಶ್ನೆ ಉಳಿದಿದೆ. ತನ್ನಲ್ಲಿಲ್ಲದುದನ್ನು ಯಾರೂ ಕೊಡಲಾರರೆಂಬುದು ಸ್ವತ್ತಿನ ನ್ಯಾಯದ ಮೂಲಸೂತ್ರ. ನೋಂದಣಿ ಕಛೇರಿಯು ಪತ್ರವನ್ನು ದಾಖಲಿಸುತ್ತದೆ. ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, ಕರ್ನಾಟಕದ 1978ರ ಕಾಯಿದೆಯ ಮೇರೆಗೆ ಆ ಕ್ರಯವು ಅಸಿಂಧು. ಹಿಂದೆ ಮೋಸಹೋದ ಬಡವನ ನೆಲವನ್ನು ಕಾಯುವ ಕಾನೂನು ಇದು. ವಿಚಾರಿಸದೆ ಕೊಂಡವನನ್ನು ಕಾಯದು.

ಭೂಸ್ವಾಧೀನದಲ್ಲಿಯೂ ಇದೇ ಸೂತ್ರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅರ್ಕಾವತಿ ಬಡಾವಣೆಗಾಗಿ 2003ರ ಫೆಬ್ರವರಿಯಲ್ಲಿ, ಯಲಹಂಕ ಹೋಬಳಿಯೂ ಸೇರಿದಂತೆ ನಗರದ ಉತ್ತರದ 16 ಗ್ರಾಮಗಳಲ್ಲಿ 3,339 ಎಕರೆಗಳಿಗೆ ಪ್ರಾಥಮಿಕ ಅಧಿಸೂಚನೆಯನ್ನೂ, ಮರುವರ್ಷ 2,750 ಎಕರೆಗಳಿಗೆ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿತು. ಜಮೀನಿನ ಒಡೆಯರೂ, ಆ ಹಳ್ಳಿಗಳಲ್ಲಿ ಸಣ್ಣ ನಿವೇಶನ ಕೊಂಡವರೂ ನ್ಯಾಯಾಲಯದ ಮೆಟ್ಟಿಲೇರಿದರು. ಬೊಂಡು ರಾಮಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆಲವು ನಿರ್ದೇಶನಗಳೊಡನೆ ಈ ಸ್ವಾಧೀನವನ್ನು ಎತ್ತಿಹಿಡಿದದ್ದು 2010ರಲ್ಲಿ. ಅಧಿಸೂಚನೆಯಾದ ಮೇಲೆ ಕೊಂಡವನು ಮಾರಿದವನ ಜಾಗದಲ್ಲಿ ನಿಂತು ಪರಿಹಾರವನ್ನು ಕೇಳಬಹುದೇ ಹೊರತು ಸ್ವಾಧೀನವನ್ನೇ ಪ್ರಶ್ನಿಸಲಾರನೆಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವ ಮಾತು.

ಇನ್ನು ಅಪಕೃತ್ಯದ ವಿಚಾರ. ನಿವೇಶನ ನಿಮ್ಮದಾಗಿ ಮನೆಯೆದ್ದ ಬಳಿಕ ಪಕ್ಕದವರು ನೆಲಮಾಳಿಗೆಗೆಂದು ಆಳವಾಗಿ ಅಗೆದು, ನಿಮ್ಮ ಗೋಡೆ ಬಿರುಕುಬಿಟ್ಟಿತೆನ್ನಿ. ಅವರಿಗೂ ನಿಮಗೂ ಯಾವ ಕರಾರೂ ಇಲ್ಲ. ಆದರೂ ಅಜಾಗ್ರತೆಯಿಂದಾದ ಹಾನಿಗೆ ಅವರು ಹೊಣೆ. ಕೆಲಸವನ್ನು ತಡೆಯುವಂತೆ ನ್ಯಾಯಾಲಯವನ್ನು ಕೇಳಲೂಬಹುದು. ನೆರೆಹೊರೆಯ ಧರ್ಮವೆಂದು ನಾವು ಕರೆಯುವುದಕ್ಕೆ ನ್ಯಾಯಶಾಸ್ತ್ರ ಕೊಟ್ಟಿರುವ ಹೆಸರಿದು. ಅಗೆಯಲು ಹೊರಟವರು ನೀವೇ ಆದರೆ ಈ ಹೊಣೆ ನಿಮ್ಮದೆಂಬುದನ್ನೂ ಮರೆಯಲಾಗದು.

ಆದುದರಿಂದ ಮುಂಗಡದ ಹಣವನ್ನು ಎಣಿಸುವ ಮುನ್ನ ಕೆಲವು ಕಾಗದಗಳನ್ನು ಎಣಿಸುವುದು ಕ್ಷೇಮ. ಹಿಂದಿನ ಕ್ರಯಪತ್ರಗಳೆಲ್ಲವೂ ಕೊಂಡಿ ತಪ್ಪದೆ ಬಂದಿವೆಯೆ? ಋಣಭಾರ ಪತ್ರ ಏನು ಹೇಳುತ್ತದೆ? ಜಮೀನು ವ್ಯವಸಾಯೇತರ ಬಳಕೆಗೆ ಪರಿವರ್ತಿತವಾಗಿದೆಯೆ? ಬಡಾವಣೆಯ ನಕ್ಷೆಗೆ ಅಧಿಕೃತ ಮಂಜೂರಾತಿಯಿದೆಯೆ? ಮೂಲದಲ್ಲಿ ಅದು ಮಂಜೂರಾತಿ ಜಮೀನೆ? ಸ್ವಾಧೀನದ ಅಧಿಸೂಚನೆಯೇನಾದರೂ ಉಂಟೆ? ಇವನ್ನು ಒಬ್ಬ ವಕೀಲರ ಮುಂದಿರಿಸಿ ಅಭಿಪ್ರಾಯ ಪಡೆಯಲು ತಗಲುವ ವೆಚ್ಚ, ಹತ್ತು ವರ್ಷ ಕೋರ್ಟಿಗೆ ಅಲೆಯುವ ವೆಚ್ಚದ ಮುಂದೆ ಏನೂ ಅಲ್ಲ. ಪಾಯಸದ ಅಡಿಗೆ ಕ್ರಯಪತ್ರದ ದಿನಕ್ಕಿರಲಿ.