ಎರಡನೆಯ ವಿಕೆಟ್‌ಕೀಪರನ ಆಯ್ಕೆ: ಕರ್ನಾಟಕದ ಕ್ರಿಕೆಟ್ ಇತಿಹಾಸದಿಂದ ಒಂದು ವಿಚಾರ

ಕ್ರೀಡೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆಡಿದವರ ಇತಿಹಾಸವನ್ನು ಬರೆಯುತ್ತಾರೆ. ಆಡಲು ಸಿದ್ಧರಾಗಿ ಕುಳಿತಿದ್ದವರ ಇತಿಹಾಸವನ್ನು ಬರೆಯುವುದು ವಿರಳ. ಆದರೆ ತಂಡವೊಂದರ ದೂರದೃಷ್ಟಿಯನ್ನು ಅಳೆಯಬೇಕಾದರೆ ಈ ಕುಳಿತವರ ಕಡೆಗೇ ನೋಡಬೇಕಾಗುತ್ತದೆ. ಕ್ರಿಕೆಟ್ಟಿನಲ್ಲಿ ಎರಡನೆಯ ವಿಕೆಟ್‌ಕೀಪರನನ್ನು ಹೇಗೆ ಆರಿಸಬೇಕು ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸಹೊರಟಿರುವುದು ಈ ಕಾರಣದಿಂದಲೇ. ಮೇಲುನೋಟಕ್ಕೆ ಇದು ಅಲ್ಪವಾದ ಪ್ರಶ್ನೆ. ಉತ್ತಮನಾದವನನ್ನು ಮೊದಲು ಆರಿಸಿ, ಅವನ ನಂತರದವನನ್ನು ಮೀಸಲಾಗಿ ಇರಿಸಿಕೊಂಡರೆ ಸಾಕಲ್ಲವೆ? ಸಾಲದು ಎಂಬುದೇ ನಮ್ಮ ಅಭಿಪ್ರಾಯ.

ತಂಡದಲ್ಲಿ ಬ್ಯಾಟ್ಸ್‌ಮನ್ನರು ಆರು ಮಂದಿ ಇರಬಹುದು, ಬೌಲರುಗಳು ಐದು ಮಂದಿ ಇರಬಹುದು. ವಿಕೆಟ್‌ಗಳ ಹಿಂದೆ ನಿಲ್ಲುವವನು ಮಾತ್ರ ಒಬ್ಬನೇ. ಆರನೆಯ ಬ್ಯಾಟ್ಸ್‌ಮನ್ನನಿಗೂ ಏಳನೆಯವನಿಗೂ ಇರುವ ಅಂತರ ಅತ್ಯಲ್ಪವಾಗಿದ್ದು, ಒಂದೆರಡು ಪಂದ್ಯಗಳಲ್ಲಿ ಸ್ಥಾನ ಬದಲಾಗುತ್ತದೆ. ಆದರೆ ಮೊದಲನೆಯ ವಿಕೆಟ್‌ಕೀಪರನಿಗೂ ಎರಡನೆಯವನಿಗೂ ಸಾಮರ್ಥ್ಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ, ಒಬ್ಬನು ಎಲ್ಲವನ್ನೂ ಆಡುತ್ತಾನೆ, ಇನ್ನೊಬ್ಬನು ಏನನ್ನೂ ಆಡುವುದಿಲ್ಲ. ಫುಟ್‌ಬಾಲಿನ ಗೋಲ್‌ಕೀಪರನ ಸ್ಥಿತಿಯೂ, ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಸ್ಥಿತಿಯೂ ಇದೇ ಬಗೆಯದು.

ಆಟದ ನಿಯಮವೂ ಬಹುಕಾಲ ಈ ಕಷ್ಟವನ್ನು ಹೆಚ್ಚಿಸಿತ್ತು. 1986ರ ಜುಲೈಯಲ್ಲಿ ಲಾರ್ಡ್ಸ್ ಮೈದಾನದಲ್ಲಿ ನ್ಯೂಜಿಲೆಂಡಿನ ಎದುರು ಆಡುತ್ತಿದ್ದ ಇಂಗ್ಲೆಂಡಿನ ವಿಕೆಟ್‌ಕೀಪರ್ ಬ್ರೂಸ್ ಫ್ರೆಂಚ್ ಅವರು ಬ್ಯಾಟ್ ಮಾಡುವಾಗ ತಲೆಗೆ ಪೆಟ್ಟು ಬಿದ್ದು ಆಡಲಾರದಾದರು. ಆಗ, ನಿವೃತ್ತರಾಗಿ ಪ್ರಾಯೋಜಕರ ಅತಿಥಿಗಳ ನಡುವೆ ಇದ್ದ 45 ವರ್ಷದ ಬಾಬ್ ಟೇಲರ್ ಅವರು ಕೈಗವಸು ತೊಟ್ಟು ಬಂದು ನಿಂತರು. ಅದು ಸಾಧ್ಯವಾದದ್ದು ಎದುರಾಳಿ ನಾಯಕ ಜೆರೆಮಿ ಕೋನಿ ಅವರ ಸೌಜನ್ಯದಿಂದ. ಮುಂದೆ 2000ದ ನಿಯಮಾವಳಿಯು ಬದಲಿ ಆಟಗಾರನು ವಿಕೆಟ್ ಕಾಯುವುದನ್ನು ನಿಷೇಧಿಸಿತು. 2017ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮಾವಳಿಯು ಅಂಪೈರುಗಳ ಒಪ್ಪಿಗೆಯೊಡನೆ ಅದಕ್ಕೆ ಅವಕಾಶ ನೀಡಿತು.

ಮೀಸಲು ವಿಕೆಟ್‌ಕೀಪರನನ್ನು ಬಯಸುವ ಸಂದರ್ಭಗಳು ಮೂರು ಎಂದು ನಾವು ವಿಂಗಡಿಸಬಹುದು. ಪಂದ್ಯದ ನಡುವೆ ಥಟ್ಟನೆ ಒದಗುವ ಆಪತ್ತು ಒಂದು; ಗಾಯದಿಂದಲೋ ದಂಡನೆಯಿಂದಲೋ ಒಂದೆರಡು ಪಂದ್ಯಗಳ ಮಟ್ಟಿಗೆ ತೆರವಾಗುವ ಸ್ಥಾನ ಇನ್ನೊಂದು; ಹಿರಿಯನು ನಿವೃತ್ತನಾದಾಗ ಬೇಕಾಗುವ ಉತ್ತರಾಧಿಕಾರಿ ಮೂರನೆಯದು. ಈ ಮೂರಕ್ಕೂ ಒಬ್ಬನೇ ಯೋಗ್ಯನಾಗಿರಬೇಕೆಂದೇನೂ ಇಲ್ಲ. ಕರ್ನಾಟಕದ ಆಟಗಾರರ ಚರಿತ್ರೆಯಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ.

ಮೂಲ್ಕಿಯಲ್ಲಿ ಜನಿಸಿದ ಬುಧಿ ಕುಂದರನ್ ಅವರು 1960ರ ಜನವರಿಯಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿದರು. ಮರುವರ್ಷ ಫರೂಕ್ ಎಂಜಿನಿಯರ್ ಅವರು ಬಂದ ಮೇಲೆ ಇಬ್ಬರ ನಡುವೆ ಆ ಒಂದು ಸ್ಥಾನವು ವರ್ಷಗಳ ಕಾಲ ಅತ್ತಿಂದಿತ್ತ ಸರಿದಾಡಿತು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎದುರು 192 ರನ್ ಹೊಡೆದು, ಆ ಸರಣಿಯಲ್ಲಿ ಒಟ್ಟು 525 ರನ್ ಗಳಿಸಿದರೂ ಕುಂದರನ್ ಅವರಿಗೆ ಸ್ಥಾನವು ಸ್ಥಿರವಾಗಲಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಟೆಸ್ಟ್‌ನಲ್ಲಿ ಎಂಜಿನಿಯರ್ ವಿಕೆಟ್ ಕಾಯ್ದರೆ, ಕುಂದರನ್ ಅವರು ಬ್ಯಾಟಿಂಗನ್ನೂ ಬೌಲಿಂಗನ್ನೂ ಆರಂಭಿಸಿದರು. ಅದೇ ಅವರ ಕೊನೆಯ ಟೆಸ್ಟ್. ಬೇರೆ ಕೆಲಸವನ್ನೂ ಬಲ್ಲ ಮೀಸಲಿನವನಿಗೆ ಸ್ಥಾನ ದೊರೆಯುವುದು ಸುಲಭ. ಆದರೆ ಎಲ್ಲ ತೂತುಗಳನ್ನು ಮುಚ್ಚಲು ಅವನನ್ನೇ ಕರೆದರೆ ಅವನ ಸ್ವಂತ ಕಸುಬು ಹಿಂದೆ ಬೀಳುತ್ತದೆ. ಅವರು ಆಡಿದ ಟೆಸ್ಟ್‌ಗಳು ಒಟ್ಟು 18.

ಇದಕ್ಕೆ ಪ್ರತಿಯಾದ ಉದಾಹರಣೆ ಸೈಯದ್ ಕಿರ್ಮಾನಿ ಅವರದು. 1971ರ ಇಂಗ್ಲೆಂಡ್ ಪ್ರವಾಸಕ್ಕೆ ಎಂಜಿನಿಯರ್, ಕೃಷ್ಣಮೂರ್ತಿ, ಕಿರ್ಮಾನಿ ಎಂಬ ಮೂವರು ವಿಕೆಟ್‌ಕೀಪರುಗಳು ಆಯ್ಕೆಯಾಗಿದ್ದರು. ಮೂರು ಟೆಸ್ಟ್‌ಗಳಲ್ಲಿಯೂ ಆಡಿದವರು ಎಂಜಿನಿಯರ್. 1974ರ ಇಂಗ್ಲೆಂಡ್ ಪ್ರವಾಸದಲ್ಲಿಯೂ 1975ರ ವಿಶ್ವಕಪ್ಪಿನಲ್ಲಿಯೂ ಕಿರ್ಮಾನಿ ಕಾಯುತ್ತಲೇ ಇದ್ದರು. ಅವರ ಮೊದಲ ಟೆಸ್ಟ್ ನಡೆದದ್ದು 1976ರ ಜನವರಿಯಲ್ಲಿ, ಆಕ್ಲೆಂಡಿನಲ್ಲಿ. ಆಗ ಅವರಿಗೆ 26 ವರ್ಷ. ಅದರ ಮುಂದಿನ ಟೆಸ್ಟ್‌ನಲ್ಲಿಯೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದು ಇನಿಂಗ್ಸಿನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಸುಮಾರು ಐದು ವರ್ಷ ಕಾದವನ ಕೈ ಹೀಗೆ ಚುರುಕಾಗಿ ಉಳಿಯಲು ಕಾರಣವೇನು?

ಅವರು ಕಾದದ್ದು ಭಾರತ ತಂಡದಲ್ಲಿಯೇ ಹೊರತು ತಮ್ಮ ರಾಜ್ಯದ ತಂಡದಲ್ಲಿ ಅಲ್ಲ ಎಂಬುದೇ ಇದಕ್ಕೆ ಉತ್ತರವೆಂದು ನಮಗೆ ತೋರುತ್ತದೆ. ಪ್ರಸನ್ನ ಮತ್ತು ಚಂದ್ರಶೇಖರ್ ಅವರಂತಹ ಸ್ಪಿನ್ ಬೌಲರುಗಳಿಗೆ ಅವರು ರಣಜಿ ಪಂದ್ಯಗಳಲ್ಲಿ ವಿಕೆಟ್ ಕಾಯುತ್ತಿದ್ದರು. ಬೊಂಬಾಯಿ ತಂಡವು ಸತತವಾಗಿ 15 ವರ್ಷ ಗೆದ್ದ ರಣಜಿ ಟ್ರೋಫಿಯನ್ನು 1973–74ರಲ್ಲಿ ಕರ್ನಾಟಕ ಮೊದಲ ಬಾರಿಗೆ ಪಡೆದಾಗ ಅವರು ಆ ತಂಡದಲ್ಲಿದ್ದರು. ಚಂದ್ರಶೇಖರರ ಎಸೆತಕ್ಕೆ ನಿಲ್ಲಲು ಕಲಿತವನಿಗೆ ಟೆಸ್ಟ್ ಪಂದ್ಯದ ಪರೀಕ್ಷೆ ಅಪರಿಚಿತವಾಗುವುದೆಂತು? ಕಿರ್ಮಾನಿ ಅವರು 88 ಟೆಸ್ಟ್‌ಗಳಲ್ಲಿ 160 ಕ್ಯಾಚ್‌ಗಳನ್ನೂ 38 ಸ್ಟಂಪಿಂಗ್‌ಗಳನ್ನೂ ಪಡೆದರು.

ಅವರ ಹಿಂದೆ ನಿಂತವರ ಸ್ಥಿತಿ ಇನ್ನೂ ಕಠಿನವಾಗಿತ್ತು. ಸದಾನಂದ ವಿಶ್ವನಾಥ್ ಅವರಿಗೆ ರಾಜ್ಯದಲ್ಲಿಯೂ ದೇಶದಲ್ಲಿಯೂ ಎದುರಿದ್ದವರು ಕಿರ್ಮಾನಿಯೇ. ಆದರೂ 1985ರಲ್ಲಿ ಅವಕಾಶ ಬಂದಾಗ, ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಕ್ರಿಕೆಟ್ ಚಾಂಪಿಯನ್‌ಷಿಪ್ಪಿನಲ್ಲಿ ಗೆದ್ದ ಭಾರತ ತಂಡಕ್ಕೆ ವಿಕೆಟ್ ಕಾಯ್ದು ಅವರು ಹೆಸರು ಪಡೆದರು. ಅವರಿಗೆ ದೊರೆತ ಟೆಸ್ಟ್‌ಗಳು ಮಾತ್ರ ಮೂರೇ.

ಇತ್ತೀಚಿನ ಕಾಲದಲ್ಲಿ ಮತ್ತೊಂದು ಪರಿಹಾರವು ರೂಢಿಗೆ ಬಂದಿದೆ. ಬ್ಯಾಟಿಂಗಿಗಾಗಿಯೇ ಆಯ್ಕೆಯಾದ ಒಬ್ಬನ ಕೈಗೆ ಗವಸು ಕೊಡುವುದು ಆ ಪರಿಹಾರ. 2003ರ ವಿಶ್ವಕಪ್ಪಿನಲ್ಲಿ ರಾಹುಲ್ ದ್ರಾವಿಡ್ ಅವರು ವಿಕೆಟ್ ಕಾಯ್ದುದರಿಂದ ತಂಡಕ್ಕೆ ಮತ್ತೊಬ್ಬ ಬ್ಯಾಟ್ಸ್‌ಮನ್ ದೊರೆತನು; ತಂಡದಲ್ಲಿದ್ದ ಪಾರ್ಥಿವ್ ಪಟೇಲ್ ಒಂದು ಪಂದ್ಯವನ್ನೂ ಆಡಲಿಲ್ಲ. 2020ರ ಜನವರಿ 14ರಂದು ಮುಂಬಯಿಯಲ್ಲಿ ರಿಷಭ್ ಪಂತ್ ಅವರ ತಲೆಗೆ ಪೆಟ್ಟಾದಾಗ ಕೆ. ಎಲ್. ರಾಹುಲ್ ಅವರು ಆ ಕೆಲಸಕ್ಕೆ ನಿಂತರು. ಮೂರು ದಿನಗಳ ತರುವಾಯ ರಾಜಕೋಟೆಯಲ್ಲಿ 52 ಎಸೆತಗಳಲ್ಲಿ 80 ರನ್ ಹೊಡೆದು ವಿಕೆಟ್ಟನ್ನೂ ಕಾಯ್ದರು. 2023ರ ವಿಶ್ವಕಪ್ಪಿನಲ್ಲಿ ಅವರೇ ಮೊದಲ ವಿಕೆಟ್‌ಕೀಪರ್. ಮೊದಲ ಬಗೆಯ ಆಪತ್ತಿಗೆ ಇದು ಒಳ್ಳೆಯ ಉಪಾಯವೆಂಬುದು ನಿರ್ವಿವಾದ. ಆದರೆ ಐದು ದಿನಗಳ ಪಂದ್ಯದಲ್ಲಿ ತಿರುಗುವ ಪಿಚ್ಚಿನ ಮೇಲೆ ಇದನ್ನೇ ನೆಚ್ಚಿಕೊಂಡರೆ, ಕೈಬಿಟ್ಟ ಒಂದು ಕ್ಯಾಚಿನ ಬೆಲೆಯು ಹೆಚ್ಚಾಗಿ ಗಳಿಸಿದ ರನ್ನುಗಳನ್ನು ಮೀರಬಹುದು.

ಎರಡನೆಯ ಬಗೆಯ ಸಂದರ್ಭಕ್ಕೆ ನಮ್ಮ ನಗರದ ವೃತ್ತಿಪರ ಫುಟ್‌ಬಾಲಿನಿಂದ ಉದಾಹರಣೆ ಕೊಡಬಹುದು. 2016ರಲ್ಲಿ ಬೆಂಗಳೂರು ಎಫ್‌ಸಿ ತಂಡವು ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆದರೆ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅವರು ಹಳದಿ ಚೀಟಿಯ ದಂಡನೆಯಿಂದ ಆ ಪಂದ್ಯಕ್ಕೆ ದೊರೆಯಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಲಾಲ್‌ಥುಅಮ್ಮಾವಿಯಾ ರಾಲ್ಟೆ ಅವರು ಗೋಲು ಕಾಯ್ದರು. ಇರಾಕಿನ ವಾಯುಸೇನಾ ತಂಡವು 1–0ರಿಂದ ಗೆದ್ದಿತು. ಸೋಲಿಗೆ ಎರಡನೆಯವನೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ವರ್ಷದ ಅತಿ ದೊಡ್ಡ ಪಂದ್ಯವೇ ಮೀಸಲಿನವನ ಪಾಲಿಗೆ ಬರಬಹುದು ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದ ವಿಷಯ.

ಪೀಣ್ಯದ ಕಾರ್ಖಾನೆಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬೇರೆ ಮಾತಿನಲ್ಲಿಯೂ ಹೇಳಬಹುದು. ವಿದ್ಯುತ್ತು ನಿಂತಾಗಲೆಂದು ಇರಿಸಿದ ಡೀಸೆಲ್ ಜನರೇಟರನ್ನು ವಿದ್ಯುತ್ತು ಇರುವಾಗಲೂ ಆಗಾಗ್ಗೆ ಓಡಿಸಿ ನೋಡುತ್ತಾರೆ. ಓಡಿಸದೆ ಬಿಟ್ಟ ಯಂತ್ರವು ಬೇಕಾದ ದಿನ ಕೈಕೊಡುತ್ತದೆ. ಮನುಷ್ಯನ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ಯಂತ್ರಕ್ಕೆ ವಯಸ್ಸಿನ ಚಿಂತೆಯಾಗಲಿ ಮನಸ್ಸಿನ ಕುಗ್ಗುವಿಕೆಯಾಗಲಿ ಇಲ್ಲ. ತುಮಕೂರು ರಸ್ತೆಯಲ್ಲಿ ಪೀಣ್ಯವನ್ನು ದಾಟಿದ ಮೇಲೆ ಸಿಗುವ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. ಅಂತಹ ಮೈದಾನಗಳ ಬೆಲೆ ಅಲ್ಲಿ ಗೆದ್ದವರಿಂದ ಮಾತ್ರವಲ್ಲ, ಬೇರೊಂದು ತಂಡದಲ್ಲಿ ಕಾಯುತ್ತಿರುವವನಿಗೆ ಅಲ್ಲಿ ದೊರೆಯುವ ನಿಜವಾದ ಆಟದಿಂದಲೂ ಗೊತ್ತಾಗುತ್ತದೆ.

ಆದುದರಿಂದ ಆಯ್ಕೆ ಮಾಡುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಇವನನ್ನು ಯಾವ ಆಪತ್ತಿಗಾಗಿ ಆರಿಸುತ್ತಿದ್ದೇವೆ? ಕಾಯುವ ಕಾಲದಲ್ಲಿ ಇವನು ಎಲ್ಲಿ ಆಡುತ್ತಾನೆ? ಎಷ್ಟು ಕಾಲ ಕಾಯಬೇಕೆಂಬುದನ್ನು ಇವನಿಗೆ ತಿಳಿಸಿದ್ದೇವೆಯೆ? ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದು ಉಳಿದೆರಡಕ್ಕೆ ಇಲ್ಲದಿದ್ದರೆ, ಅವರು ಆರಿಸಿದ್ದು ಆಟಗಾರನನ್ನಲ್ಲ, ಪಟ್ಟಿಯಲ್ಲಿ ಒಂದು ಹೆಸರನ್ನು ಮಾತ್ರ. ಕಾಲೇಜಿನ ತಂಡಗಳನ್ನು ಕಟ್ಟುವ ಅಧ್ಯಾಪಕರಿಗೂ ಈ ಮಾತು ಅನ್ವಯಿಸುತ್ತದೆ. ವರ್ಷವಿಡೀ ಗವಸು ತೊಡದೆ ಕುಳಿತ ಹುಡುಗನಿಗೆ ಆ ವರ್ಷವು ಮರಳಿ ಬರುವುದಿಲ್ಲ. ಒಂದೆರಡು ಪಂದ್ಯಗಳನ್ನಾದರೂ ಅವನಿಗೆ ಕೊಡುವುದು ದಾಕ್ಷಿಣ್ಯದ ಮಾತಲ್ಲ, ತಂಡದ ಹಿತದ ಮಾತು.