ಮರದ ಜಗಲಿಗೆ ಬಣ್ಣದ ಕೊಡೆ

ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ಕಳಿಸುವ ಫೋಟೋಗಳಲ್ಲಿ ಮನೆಯ ಹಿಂಭಾಗದ ಮರದ ಕಟ್ಟೆಯೊಂದು ಆಗಾಗ ಕಾಣಿಸುತ್ತದೆ. ನೆಲದಿಂದ ಮೂರು ನಾಲ್ಕು ಅಡಿ ಎತ್ತರ, ಸುತ್ತ ಕಟಕಟೆ, ಮೇಲೆ ಸೂರಿಲ್ಲ. ನಮ್ಮ ಜಗಲಿಯ ದೂರದ ನೆಂಟ ಎನ್ನಬಹುದಾದ ಇದಕ್ಕೆ ಅಲ್ಲಿ ‘ಡೆಕ್’ ಎಂದು ಹೆಸರು. ಬೇಸಿಗೆ ಕಳೆಯಲು ಹೋದ ಅಜ್ಜ ಅಜ್ಜಿಯರು ಕಾಫಿ ಕುಡಿಯುವುದು ಅಲ್ಲಿ, ಮೊಮ್ಮಕ್ಕಳು ಆಡುವುದು ಅಲ್ಲಿ. ಒಳ್ಳೆಯ ಬಿಸಿಲು ಬಿದ್ದರೆ ಅಜ್ಜಿಗೆ ಸಂಡಿಗೆ ಇಡುವ ಆಸೆಯೂ ಹುಟ್ಟೀತು. ಆ ವಿಷಯಕ್ಕೆ ಆಮೇಲೆ ಬರೋಣ.

ಕೂಲಿ ದುಬಾರಿಯಾದ ದೇಶ. ಹಾಗಾಗಿ ಎರಡು ಮೂರು ವರ್ಷಕ್ಕೊಮ್ಮೆ ಈ ಕಟ್ಟೆಗೆ ಬಣ್ಣದ ಎಣ್ಣೆ ಬಳಿಯುವ ಕೆಲಸ ಬಹಳಷ್ಟು ಮನೆಗಳಲ್ಲಿ ಅಪ್ಪ ಮತ್ತು ಮಕ್ಕಳ ಪಾಲಿಗೆ ಬರುತ್ತದೆ. ಬಳಿಯುವ ವಸ್ತುವಿನ ಹೆಸರು ‘ಸ್ಟೇನ್’. ಇದು ಪೇಂಟ್ ಅಲ್ಲ. ಇವೆರಡರ ವ್ಯತ್ಯಾಸ ತಿಳಿಯದೆ ಅಂಗಡಿಗೆ ಹೋದವರು ಡಬ್ಬಿಯ ಮೇಲಿನ ಚೆಂದದ ಚಿತ್ರ ನೋಡಿ ಖರೀದಿಸುತ್ತಾರೆ, ಮರುವರ್ಷ ಸಿಪ್ಪೆ ಕೆರೆಯುತ್ತಾ ಕೂರುತ್ತಾರೆ.

ಮೊದಲಿಗೆ, ಮರಕ್ಕೆ ಆಗುವುದಾದರೂ ಏನು? ಹೊಸ ಹಲಗೆ ಜೇನಿನ ಬಣ್ಣದ್ದು. ಬಯಲಿನಲ್ಲಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮೂರಿನ ಹಳೆಯ ಬೇಲಿಗೂಟ, ಎತ್ತಿನಗಾಡಿಯ ಮೂಕಿಯಲ್ಲೂ ಇದನ್ನು ಕಾಣಬಹುದು. ಮರವೆಂದರೆ ಸೆಲ್ಯುಲೋಸ್ ಎಂಬ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟ ರಚನೆ. ಇಟ್ಟಿಗೆಗಳ ನಡುವೆ ಗಾರೆ ಇದ್ದಂತೆ. ಸೂರ್ಯನ ಅತಿನೇರಳೆ ಕಿರಣಗಳನ್ನು ಲಿಗ್ನಿನ್ ಬಲು ಬೇಗ ಹೀರಿಕೊಂಡು ಒಡೆಯುತ್ತದೆ. ಒಡೆದ ಚೂರುಗಳನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಗಾರೆ ಹೋಯಿತು, ಸಡಿಲ ನಾರು ಮಾತ್ರ ಉಳಿಯಿತು. ಅದರ ಮೇಲೆ ಬೂಷ್ಟು ಕೂತಿತು. ಬೂದಿ ಬಣ್ಣದ ಗುಟ್ಟು ಇಷ್ಟೇ.

ಈ ಸವೆತ ಭಯಂಕರವೇನಲ್ಲ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ 1910ರಿಂದ ಕೆಲಸ ಮಾಡುತ್ತಿರುವ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯದ ಅಂದಾಜಿನಂತೆ ಮೆದುಮರಗಳು ಹೀಗೆ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್. ನಿಜವಾದ ತೊಂದರೆ ನೀರಿನದು. ಹಲಗೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನಿಂತ ನೀರು ಕೊಳೆಸುವ ಶಿಲೀಂಧ್ರವನ್ನು ಕರೆತರುತ್ತದೆ.

ಪೇಂಟ್ ಮರದ ಮೇಲೆ ಚರ್ಮದಂತೆ ಕೂರುತ್ತದೆ. ಗೋಡೆ, ಕಿಟಕಿಗೆ ಅದು ಸರಿ. ಆದರೆ ಮಲಗಿದ ಹಲಗೆಯ ಮೇಲೆ ಮಳೆ ನಿಲ್ಲುತ್ತದೆ, ಹಿಮ ಕೂರುತ್ತದೆ, ಜನ ಓಡಾಡುತ್ತಾರೆ. ಮೊಳೆಯ ತೂತಿನಿಂದಲೋ ಬಿರುಕಿನಿಂದಲೋ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲದೆ ಚರ್ಮವೇ ಎದ್ದು ಬರುತ್ತದೆ. ಸ್ಟೇನ್ ಹಾಗಲ್ಲ. ಎಣ್ಣೆ, ನೀರು ತಡೆಯುವ ಮೇಣ, ಒಂದಿಷ್ಟು ವರ್ಣಕಣ ಸೇರಿದ ತೆಳು ದ್ರವ ಅದು, ಹಲಗೆಯೊಳಕ್ಕೆ ಇಳಿಯುತ್ತದೆ. ಮೇಲೆ ಪದರವೇ ಇಲ್ಲದಿದ್ದರೆ ಸಿಪ್ಪೆ ಏಳುವುದಾದರೂ ಹೇಗೆ? ಅದು ಮೆಲ್ಲಗೆ ಮಾಸುತ್ತದೆ, ತೊಳೆದು ಮತ್ತೆ ಬಳಿದರಾಯಿತು.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ: ಬಣ್ಣವೇ ಇಲ್ಲದ್ದು, ಅರೆಪಾರದರ್ಶಕ, ಪೂರ್ತಿ ಗಟ್ಟಿ ಬಣ್ಣದ್ದು. ಮರದ ಸಹಜ ಚೆಲುವು ಉಳಿಯಲಿ ಎಂದು ಮೊದಲನೆಯದನ್ನು ಆರಿಸುವವರೇ ಹೆಚ್ಚು. ಆದರೆ ಬಿಸಿಲನ್ನು ತಡೆಯುವ ಕೆಲಸ ಮುಖ್ಯವಾಗಿ ವರ್ಣಕಣಗಳದ್ದು. ಪ್ರತಿ ಕಣವೂ ಲಿಗ್ನಿನ್‌ಗೆ ಹಿಡಿದ ಪುಟ್ಟ ಕೊಡೆ. ಬಣ್ಣರಹಿತ ದ್ರವ ಒಂದು ವರ್ಷ ತಾಳಿದರೆ ಹೆಚ್ಚು. ಮೂರನೆಯದು ಹೆಸರಿಗೆ ಸ್ಟೇನ್, ಗುಣದಲ್ಲಿ ಪೇಂಟಿನ ತಮ್ಮ. ಓಡಾಡುವ ಕಡೆ ಅದೂ ಏಳುತ್ತದೆ. ಎರಡು ಮೂರು ವರ್ಷ ಬಾಳುವ ಅರೆಪಾರದರ್ಶಕವೇ ಡೆಕ್ಕಿಗೆ ಸರಿ.

ಇನ್ನು ಮರದ ಮಾತು. ಸೀಡರ್, ರೆಡ್‌ವುಡ್ ಮರಗಳಿಗೆ ಕೊಳೆ ತಡೆಯುವ ಗುಣ ಹುಟ್ಟಿನಿಂದಲೇ ಇದೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಅಗ್ಗದ ಪೈನ್ ಮರಕ್ಕೆ ಮಾತ್ರ ಒತ್ತಡದಲ್ಲಿ ಔಷಧ ಕುಡಿಸಬೇಕು. ಮೂರು ದಶಕಗಳ ಕಾಲ ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾದ ಔಷಧ ಹುಟ್ಟಿದ್ದು ನಮ್ಮ ದೇಶದಲ್ಲೇ! 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಅದನ್ನು ಸಿದ್ಧಪಡಿಸಿದರು. ಇಟ್ಟ ಹೆಸರು ‘ಆಸ್ಕು’. ರಸಾಯನಶಾಸ್ತ್ರ ಓದುವ ಮಕ್ಕಳು ಆರ್ಸೆನಿಕ್ ಮತ್ತು ತಾಮ್ರದ ಸಂಕೇತಗಳನ್ನು ಅಕ್ಕಪಕ್ಕ ಬರೆದು ನೋಡಿದರೆ ಹೆಸರಿನ ಒಗಟು ಬಿಡಿಸಬಹುದು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು, ಕ್ರೋಮಿಯಂ ಇವೆರಡನ್ನೂ ಮರಕ್ಕೆ ಕಚ್ಚಿಸುತ್ತದೆ.

ಕಚ್ಚಿಸಿದರೂ ಅಲ್ಪಸ್ವಲ್ಪ ಆರ್ಸೆನಿಕ್ ಹಲಗೆಯ ಮೈಗೆ ಬರುತ್ತದೆ. ಆಡುವ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗಬಹುದೆಂಬ ಆತಂಕ ಬೆಳೆದು, 2003ರ ಕೊನೆಗೆ ತಯಾರಕರೇ ಮನೆಬಳಕೆಯ ಮರಕ್ಕೆ ಇದನ್ನು ಕುಡಿಸುವುದನ್ನು ಬಿಟ್ಟರು. ಈಗ ಆರ್ಸೆನಿಕ್ ಇಲ್ಲದ ತಾಮ್ರದ ಔಷಧಗಳಿವೆ. ಆದರೆ ಅದಕ್ಕೆ ಮೊದಲು ಕಟ್ಟಿದ ಕಟ್ಟೆಗಳು ಇನ್ನೂ ಉಳಿದಿವೆ. ಅಂಥ ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು, ತುಂಡುಗಳನ್ನು ಒಲೆಗೆ ಹಾಕಲೇಬಾರದು. ಆಡಿ ಬಂದ ಮಕ್ಕಳು ಕೈ ತೊಳೆಯಬೇಕು. ತಿನ್ನುವ ವಸ್ತುವನ್ನು ನೇರವಾಗಿ ಅದರ ಮೇಲಿಡಬಾರದು. ಅಜ್ಜಿಯ ಸಂಡಿಗೆಗೆ ಬೇರೆ ಜಾಗ ಹುಡುಕುವುದೇ ವಾಸಿ. ಮೈಯೊಳಗೆ ಇಳಿಯುವ ಸ್ಟೇನನ್ನು ವರ್ಷಕ್ಕೊಮ್ಮೆ ಬಳಿದರೆ ಆರ್ಸೆನಿಕ್ ಹೊರಬರುವುದು ಕಡಿಮೆಯಾಗುತ್ತದೆ ಎಂದು ಅಲ್ಲಿನ ಸರ್ಕಾರಿ ಇಲಾಖೆಗಳು ಹೇಳುತ್ತವೆ. ಇಂಥ ಮನೆಗಳಲ್ಲಿ ಬಣ್ಣ ಕೇವಲ ಅಲಂಕಾರವಲ್ಲ.

ಕೆಲಸದ ಅರ್ಧಪಾಲು ತೊಳೆಯುವುದರಲ್ಲಿದೆ. ಬೂದಿ ಬಣ್ಣದ ಸಡಿಲ ನಾರಿನ ಮೇಲೆ ಏನು ಬಳಿದರೂ ನಾರಿನ ಜೊತೆಗೇ ಉದುರುತ್ತದೆ. ಬಟ್ಟೆ ಬಿಳುಪಾಗಿಸುವ ಕ್ಲೋರಿನ್ ದ್ರಾವಣ ಬೂಷ್ಟನ್ನು ಕೊಲ್ಲುತ್ತದಾದರೂ ಗಟ್ಟಿಯಾಗಿ ಬಳಸಿದರೆ ಲಿಗ್ನಿನ್ನನ್ನೂ ತಿನ್ನುತ್ತದೆ. ಆಮ್ಲಜನಕ ಬಿಡುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ಮೇಲು. ನೀರು ಚಿಮ್ಮುವ ಯಂತ್ರ ಬಳಸುವ ಹುಮ್ಮಸ್ಸು ಹುಡುಗರಿಗೆ ಬಹಳ. ಹತ್ತಿರ ಹಿಡಿದರೆ ಅದು ಮೆದುಮರವನ್ನು ಉಳಿಯಂತೆ ಕೊರೆಯುತ್ತದೆ. ಮೊಳೆಗಳ ಸುತ್ತ ಕಪ್ಪು ಕಲೆಗಳಿದ್ದರೆ ಅದು ಬೂಷ್ಟಲ್ಲ. ಮರದ ಒಗರು ಟ್ಯಾನಿನ್ನೂ ಮೊಳೆಯ ಕಬ್ಬಿಣವೂ ಸೇರಿ ಆದ ಕಪ್ಪು. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಆಕ್ಸಾಲಿಕ್ ಆಮ್ಲದ ತೆಳು ದ್ರಾವಣಕ್ಕೆ ಈ ಕಲೆ ಹೋಗುತ್ತದೆ. ವಿಷವಾದ್ದರಿಂದ ಕೈಗವಸು, ಕನ್ನಡಕ ಬೇಕು. ಅದು ದೊಡ್ಡವರೇ ಮಾಡಬೇಕಾದ ಕೆಲಸ.

ತೊಳೆದ ಮೇಲೆ ಒಣಗಬೇಕು. ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಇಂಗಿದರೆ ಮರ ಎಣ್ಣೆಯನ್ನೂ ಕುಡಿಯುತ್ತದೆ. ಮುತ್ತಿನಂತೆ ನಿಂತರೆ ಇನ್ನೂ ಕಾಯಬೇಕು. ಔಷಧ ಕುಡಿಸಿದ ಹೊಸ ಹಲಗೆ ಒದ್ದೆಯಾಗಿಯೇ ಬರುವುದರಿಂದ ಈ ಪರೀಕ್ಷೆ ಅದಕ್ಕೂ ಬೇಕು. ಒಂದು ಗ್ಯಾಲನ್ ಡಬ್ಬಿ, ಅಂದರೆ ಸುಮಾರು 3.8 ಲೀಟರ್, ನುಣುಪು ಹಲಗೆಯಾದರೆ 200ರಿಂದ 400 ಚದರಡಿಗೆ ಸಾಲುತ್ತದೆ. ಒರಟು ಮರ ಅದರ ಇಮ್ಮಡಿ ಕುಡಿಯುತ್ತದೆ. 12 ಅಡಿಗೆ 16 ಅಡಿಯ ಕಟ್ಟೆಗೆ ಎಷ್ಟು ಬೇಕೆಂಬ ಲೆಕ್ಕವನ್ನು ಮಕ್ಕಳಿಗೇ ಬಿಡಬಹುದು.

ಸುಡುಬಿಸಿಲಿನಲ್ಲಿ ಬಳಿಯಬಾರದು, ಇಳಿಯುವ ಮೊದಲೇ ಎಣ್ಣೆ ಒಣಗುತ್ತದೆ. ಒಂದೆರಡು ಹಲಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬ್ರಷ್ ಎಳೆಯಬೇಕು. ನಡುವೆ ನಿಲ್ಲಿಸಿ ಊಟಕ್ಕೆ ಎದ್ದರೆ ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಸೇರಿ ಕಪ್ಪು ಪಟ್ಟಿ ಬೀಳುತ್ತದೆ. ಹಲಗೆಯ ಕೊಯ್ದ ತುದಿಗಳಿಗೆ ಧಾರಾಳವಾಗಿ ಉಣಿಸಬೇಕು, ಮರ ನೀರು ಕುಡಿಯುವ ಬಾಯಿಯೇ ಅದು. ಕಾಲು ಗಂಟೆಯ ನಂತರವೂ ಮೇಲೆ ಹೊಳೆಯುತ್ತ ನಿಂತ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಇರಲಿ ಎಂದು ಬಿಟ್ಟರೆ ಅಂಟಂಟು ಪದರವಾಗಿ, ಯಾವ ಸಿಪ್ಪೆ ಬೇಡವೆಂದು ಸ್ಟೇನ್ ತಂದರೋ ಅದೇ ಬರುತ್ತದೆ.

ಒರೆಸಿದ ಬಟ್ಟೆಯನ್ನು ಏನು ಮಾಡುವುದು? ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಇರುವ ಈ ಮಾತನ್ನು ಓದುವವರು ಕಡಿಮೆ. ಎಣ್ಣೆ ಆಧಾರದ ಬಹಳಷ್ಟು ಸ್ಟೇನ್‌ಗಳಲ್ಲಿ ಇರುವುದು ಅಗಸೆ ಎಣ್ಣೆ ಅಥವಾ ಅದರ ಬಂಧು. ಉತ್ತರ ಕರ್ನಾಟಕದವರು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಚಟ್ನಿಯ ಅದೇ ಅಗಸೆ. ತೆಂಗಿನೆಣ್ಣೆ ಬಳಿದ ಹಲಗೆ ವರ್ಷ ಕಳೆದರೂ ಜಿಡ್ಡು. ಅಗಸೆ ಎಣ್ಣೆ ಗಟ್ಟಿಯಾಗುತ್ತದೆ. ಅದರ ಅಣುಗಳಲ್ಲಿ ಜೋಡಿಬಂಧಗಳು ಹೆಚ್ಚು. ಕಾಲೇಜು ವಿದ್ಯಾರ್ಥಿಗಳು ಓದುವ ಅಯೋಡಿನ್ ಸಂಖ್ಯೆ ತೆಂಗಿನೆಣ್ಣೆಗೆ ಹತ್ತರ ಆಸುಪಾಸು, ಅಗಸೆಗೆ 170ಕ್ಕೂ ಹೆಚ್ಚು. ಈ ಬಂಧಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಆಗ ಶಾಖ ಹೊರಬರುತ್ತದೆ. ಹಲಗೆಯ ಮೇಲೆ ಆ ಶಾಖ ಹಾರಿಹೋಗುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆಯೊಳಗೆ ಸಿಕ್ಕಿಕೊಂಡು ಏರುತ್ತಾ ಹೋಗಿ, ಕಿಡಿಯಿಲ್ಲದೆ ಬೆಂಕಿಯಾಗುತ್ತದೆ.

1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾ ನಗರದ ‘ಒನ್ ಮೆರಿಡಿಯನ್ ಪ್ಲಾಜಾ’ ಎಂಬ 38 ಅಂತಸ್ತಿನ ಕಟ್ಟಡದಲ್ಲಿ ಆದದ್ದು ಇದೇ. 22ನೇ ಅಂತಸ್ತಿನಲ್ಲಿ ಮರದ ಹಲಗೆಗಳಿಗೆ ಹೊಳಪು ಕೊಡುತ್ತಿದ್ದರು. ಅಗಸೆ ಎಣ್ಣೆಯ ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ರಾತ್ರಿ ಹೊತ್ತಿಕೊಂಡ ಬೆಂಕಿ ಒಂದೊಂದೇ ಅಂತಸ್ತು ಏರುತ್ತ ಮರುದಿನದವರೆಗೆ ಉರಿಯಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. 30ನೇ ಅಂತಸ್ತಿನಲ್ಲಿ ತಾನಾಗಿ ನೀರು ಚಿಮ್ಮುವ ನಳಿಕೆಗಳಿದ್ದುದರಿಂದ ಅಲ್ಲಿಗೆ ನಿಂತಿತು. ಮತ್ತೆ ಬಳಕೆಗೆ ಬಾರದ ಆ ಕಟ್ಟಡವನ್ನು 1999ರಲ್ಲಿ ಕೆಡವಿದರು.

ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಬಾಗಿಲಿಗೆ ಬಳಿಯುವ ನಮ್ಮ ಮನೆಗಳಿಗೂ ಈ ನಿಯಮ ಅನ್ವಯಿಸುತ್ತದೆ. ಕೆಲಸ ಮುಗಿದೊಡನೆ, ಕೈ ತೊಳೆಯುವುದಕ್ಕೂ ಮೊದಲು, ಬಟ್ಟೆಗಳನ್ನು ಹೊರಗೆ ತಂತಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹರವಬೇಕು. ಗರಿಗರಿಯಾಗಿ ಒಣಗಿದ ಮೇಲೆ ಎಸೆಯಬಹುದು. ಹರವಲು ಜಾಗವಿಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಪೂರ್ತಿ ಮುಳುಗಿಸಿ, ಮುಚ್ಚಳ ಬಿಗಿದು, ಮನೆಯಿಂದ ದೂರ ಇಡಬೇಕು.