ಪಾರ್ಸಲ್ ಅಂದರೆ ಲೀಡ್ಸ್‌ನಲ್ಲಿ ಅಂಚೆ

ಅಕ್ಕನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದಲು ಹೋದವಳು, ಒಂದು ಕಾಫಿ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದಳು. ಮೊದಲ ದಿನ, ಮೊದಲ ಗಿರಾಕಿ. ಎರಡು ಕಾಫಿ, ಒಂದು ಬನ್ ಹೇಳಿದ. ಇವಳು ಕೇಳಿದಳು: ‘ಪಾರ್ಸಲ್?’ ಆತ ಹಿಂದೆ ಮುಂದೆ ನೋಡಿದನಂತೆ, ತನ್ನ ಹೆಸರಿಗೆ ಅಂಚೆಯಲ್ಲಿ ಏನೋ ಬಂದಿದೆಯೇನೋ ಎಂಬ ಹಾಗೆ. ಪಕ್ಕದಲ್ಲಿದ್ದ ಹುಡುಗಿ ‘ಟೇಕ್‌ಅವೇ’ ಎಂದು ಬಾಯಿ ಹಾಕಿದ ಮೇಲೆ ವ್ಯಾಪಾರ ಮುಂದೆ ಹೋಯಿತು.

‘ಮಾಮ, ಪಾರ್ಸಲ್ ಇಂಗ್ಲಿಷ್ ಶಬ್ದವೇ ಅಲ್ಲವಾ?’ ಎಂದು ಆ ರಾತ್ರಿ ಫೋನಿನಲ್ಲಿ ಕೇಳಿದಳು. ಹೌದು ಮಾರಾಯ್ತಿ, ಇಂಗ್ಲಿಷೇ. ಆದರೆ ಅದು ನಮ್ಮ ಉಡುಪಿ ಹೋಟೆಲಿನ ಇಂಗ್ಲಿಷ್.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು ಅವಳು. ಮನೆಯಲ್ಲಿ ತುಳು, ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದರೆ ಕನ್ನಡ, ಕಟ್ಟಡದಲ್ಲಿ ಮರಾಠಿ, ರಿಕ್ಷಾ ಸ್ಟ್ಯಾಂಡಿನಲ್ಲಿ ಹಿಂದಿ, ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳೂವರೆ ಬ್ಯಾಂಡ್ ಬಂದಾಗ ಅಕ್ಕ ಇಡೀ ಕಟ್ಟಡಕ್ಕೆ ಪೇಡಾ ಹಂಚಿದ್ದಳು.

ಆ ಪರೀಕ್ಷೆಯನ್ನು ನಾನು ಹಳಿಯುವುದಿಲ್ಲ. ಚೀಟಿಯಲ್ಲಿ ಬಂದ ವಿಷಯಕ್ಕೆ ಒಂದು ನಿಮಿಷದ ತಯಾರಿ ಮಾಡಿ ಎರಡು ನಿಮಿಷ ಮಾತಾಡುವುದು, ಒಂದೇ ಸಲ ಕೇಳಿಸುವ ಧ್ವನಿಮುದ್ರಣದಿಂದ ಉತ್ತರ ಹೆಕ್ಕುವುದು ಸಣ್ಣ ಕೆಲಸವಲ್ಲ. ಕೇಳುವ ಅಭ್ಯಾಸವಂತೂ ನಮ್ಮ ಮಕ್ಕಳಿಗೆ ಲೋಕಲ್ ರೈಲಿನಲ್ಲೇ ಆಗಿರುತ್ತದೆ. ಸ್ಲೋ ಗಾಡಿಯಲ್ಲಿ ಕೋಪರ್, ದಿವಾ, ಮುಂಬ್ರಾ, ಕಲ್ವಾ ದಾಟಿ ಠಾಣೆ ಬರುವಷ್ಟರಲ್ಲಿ ಪ್ರತಿ ಸ್ಟೇಷನ್ನಿನ ಹೆಸರೂ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಕಿವಿಗೆ ಬೀಳುತ್ತದೆ. ಅದೂ ಹತ್ತು ಜನರ ಗಲಾಟೆಯ ನಡುವೆ.

ಆದರೆ ಲೀಡ್ಸ್ ಇರುವುದು ಇಂಗ್ಲೆಂಡಿನ ಉತ್ತರದಲ್ಲಿ. ಅಲ್ಲಿನ ಬಹಳ ಜನರಿಗೆ ‘ಟೀ’ ಅಂದರೆ ಸಂಜೆಯ ಊಟ. ಜೊತೆಯವಳು ಟೀಗೆ ಬಾ ಎಂದು ಕರೆದಾಗ ಇವಳು ಹೊಟ್ಟೆ ತುಂಬ ತಿಂದೇ ಹೋಗಿದ್ದಳು. ಕಂಡವರೆಲ್ಲ ‘ಯು ಆಲ್‌ರೈಟ್?’ ಎಂದು ಕೇಳಿದಾಗ, ತನ್ನ ಮುಖ ಅಷ್ಟು ಬಾಡಿದೆಯೇ ಎಂದು ಕನ್ನಡಿ ನೋಡಿಕೊಂಡಳಂತೆ. ನಮ್ಮ ‘ಊಟ ಆಯ್ತಾ?’, ನೆರೆಮನೆ ಮಾವಶಿಯ ‘ಜೇವಣ್ ಝಾಲಂ ಕಾ?’ ಇದ್ದ ಹಾಗೆ ಅದು. ಏನು ತಿಂದೆ ಎಂದು ಯಾರೂ ಪಟ್ಟಿ ಕೇಳುವುದಿಲ್ಲ. ತರಗತಿಯಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದು ಎದ್ದು ನಿಂತಾಗ ಪ್ರಾಧ್ಯಾಪಕರು ಗಂಭೀರರಾದರು. ನಮ್ಮ ಡೌಟ್ ಬರೀ ಪ್ರಶ್ನೆ. ಅವರ ಕಿವಿಗೆ ಅದು ‘ನೀವು ಹೇಳಿದ್ದರಲ್ಲಿ ನನಗೆ ನಂಬಿಕೆಯಿಲ್ಲ’ ಎಂಬಂತೆ ಕೇಳಿಸುತ್ತದೆ. ಫೋನಿನಲ್ಲಿ ಹೆಸರಿನ ಅಕ್ಷರ ಬಿಡಿಸುವಾಗ ‘ಬಿ ಫಾರ್ ಬಾಂಬೆ’ ಎಂದಳಂತೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಇವೆಲ್ಲ ನಕ್ಕು ಮರೆಯುವಂಥವು. ಕಷ್ಟದ್ದು ಬೇರೆ ಇದೆ. ‘ಸ್ವಲ್ಪ ನೀರು ಕೊಡಿ’ ಅಂದಾಗ ನಮ್ಮ ಮರ್ಯಾದೆಯೆಲ್ಲ ಆ ‘ಕೊಡಿ’ಯ ಕೊನೆಯ ಇಕಾರದಲ್ಲೇ ಇರುತ್ತದೆ. ದಯವಿಟ್ಟು ಎಂಬುದು ನಮ್ಮಲ್ಲಿ ಅರ್ಜಿಯ ಮಾತು, ರೈಲಿನ ಘೋಷಣೆಯ ಮಾತು. ಮನೆಯಲ್ಲಿ ಯಾರಾದರೂ ದಯವಿಟ್ಟು ಚಟ್ನಿ ಬಡಿಸಿ ಅಂದರೆ ಜಗಳವಾಗಿದೆ ಅಂತಲೇ ಅರ್ಥ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಇಕಾರವಿಲ್ಲ. ‘ಗಿವ್ ಮಿ ವಾಟರ್’ ಅಂದರೆ ಬರೀ ಅಪ್ಪಣೆ. ಮೊದಲಿಗೆ ‘ಕುಡ್ ಐ’, ಕೊನೆಗೆ ‘ಪ್ಲೀಸ್’, ಸಿಕ್ಕಿದ ಮೇಲೆ ‘ಥ್ಯಾಂಕ್ಸ್’ ಎಂದು ಬಿಡಿಬಿಡಿಯಾಗಿ ಜೋಡಿಸಬೇಕು. ತಿಂಗಳುಗಟ್ಟಲೆ ಇವಳನ್ನು ಜೊತೆಯವರು ಒರಟು ಹುಡುಗಿ ಎಂದುಕೊಂಡಿದ್ದರು. ವ್ಯಾಕರಣ ತಪ್ಪಿದ್ದರೆ ಯಾರಾದರೂ ತಿದ್ದುತ್ತಿದ್ದರೇನೋ. ಒರಟುತನವನ್ನು ಯಾರು ತಿದ್ದುತ್ತಾರೆ? ಸುಮ್ಮನೆ ದೂರ ಸರಿಯುತ್ತಾರೆ.

ನನ್ನ ಅಪ್ಪನದು, ಅಂದರೆ ಅವಳ ಅಜ್ಜನದು, ಬೇರೆ ಕಥೆ. 1950ರ ದಶಕದಲ್ಲಿ ಊರಿನಿಂದ ಬಂದು ಮುಂಬಯಿಯ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗ. ಮುಂಬಯಿಗೆ ಬಂದ ನಮ್ಮವರ ಮಟ್ಟಿಗೆ ಅದೂ ಪರದೇಶವೇ. ಹಾಗಾಗಿಯೇ ಇಲ್ಲಿ ಕನ್ನಡಿಗರ ರಾತ್ರಿ ಶಾಲೆಗಳು ಎದ್ದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಇಂಥವು ನಡೆಸಿದ ಆ ಶಾಲೆಗಳಿಗೆ ಹಗಲು ದುಡಿದ ಹುಡುಗರು ಎಣ್ಣೆವಾಸನೆಯ ಅಂಗಿಯಲ್ಲೇ ಬಂದು ಕೂರುತ್ತಿದ್ದರು. ಅಪ್ಪನ ಇಂಗ್ಲಿಷ್ ಅರ್ಧ ಅಲ್ಲಿಯದು, ಇನ್ನರ್ಧ ಗಲ್ಲಾದ ಮುಂದಿನದು. ಬಳಸಿದ ಬಿಲ್ ಪುಸ್ತಕದ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದರು: ‘ಎಕ್ಸ್‌ಕ್ಯೂಸ್ ಮಿ – ದಾರಿ ಬಿಡಿ’, ‘ಕೀಪ್ ದಿ ಚೇಂಜ್ – ಚಿಲ್ಲರೆ ನಿನಗೆ’. ಎರಡನೆಯದರ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ.

ಅಪ್ಪನಿಗೆ ಒಂದು ಅನುಕೂಲವಿತ್ತು. ಅವರಿಗೆ ಇಂಗ್ಲಿಷ್ ಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಹೋಟೆಲಿಗೆ ಬರುವ ಗುಮಾಸ್ತರನ್ನು ಎಷ್ಟು ಸಲ ಬೇಕಾದರೂ ಕೇಳುತ್ತಿದ್ದರು. ಮೊಮ್ಮಗಳಿಗೆ ಬರುತ್ತದೆ ಎಂದು ಪ್ರಮಾಣಪತ್ರವಿದೆ. ‘ಏನಂದಿರಿ, ಇನ್ನೊಮ್ಮೆ ಹೇಳಿ’ ಎನ್ನಲು ಅವಳಿಗೆ ನಾಚಿಕೆ. ಅರ್ಥವಾಗದಿದ್ದರೂ ತಲೆಯಾಡಿಸಿ, ತಪ್ಪು ಕಾಫಿ ಮಾಡಿಕೊಟ್ಟು ಬೈಸಿಕೊಂಡಿದ್ದಾಳೆ.

ನಾಚಿಕೆ ಬಿಟ್ಟದ್ದು ಅಂಗಡಿಯ ಕೌಂಟರಿನಲ್ಲೇ. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ದುಡ್ಡಿಗಾಗಿ ಸೇರಿದ ಆ 20 ಗಂಟೆಯೇ ಅವಳ ರಾತ್ರಿ ಶಾಲೆಯಾಯಿತು. ಸರತಿ ಬೆಳೆದಾಗ ತಲೆಯಾಡಿಸಿ ನಟಿಸಲು ಪುರುಸೊತ್ತಿರುವುದಿಲ್ಲ, ಕೇಳಲೇಬೇಕು. ಕೇಳಿದ್ದನ್ನು ಫೋನಿನಲ್ಲಿ ಬರೆದಿಟ್ಟುಕೊಂಡಳು. ಈಗ ಆ ಪಟ್ಟಿ ಉದ್ದವಾಗಿದೆ.

ಮೊನ್ನೆ ಕಲ್ಯಾಣದ ನಮ್ಮ ಪರಿಚಯದವರ ಹುಡುಗ ಬಂದಿದ್ದ. ಬರುವ ಸೆಪ್ಟೆಂಬರಿಗೆ ಡಬ್ಲಿನ್‌ಗೆ ಹೋಗುತ್ತಾನೆ. ಅಕ್ಕನ ಮಗಳ ಪಟ್ಟಿಯನ್ನು ಅವನಿಗೆ ಕಳಿಸಿದೆ. ವಿಷಯ ತಿಳಿದು ಅವಳು ಕೂಡಲೇ ಫೋನ್ ಮಾಡಿದಳು: ‘ಮಾಮ, ಅದು ಲೀಡ್ಸ್‌ನದ್ದು. ಐರ್ಲೆಂಡಿನಲ್ಲಿ ನಡೆಯುವುದಿಲ್ಲ. ಅಲ್ಲಿ ಎಲ್ಲದಕ್ಕೂ ಗ್ರ್ಯಾಂಡ್ ಅಂತಾರಂತೆ.’ ಹುಡುಗ ನನ್ನ ಮುಖ ನೋಡಿದ. ಒಂದು ಖಾಲಿ ಬಿಲ್ ಪುಸ್ತಕ ಸಿಗುತ್ತದಾ ಎಂದು ನಾನು ಕಪಾಟು ಹುಡುಕತೊಡಗಿದೆ.